ಐದು ಗೇರು, ನಾಲ್ಕನೇ ನಂಬರಿನ ಎಣ್ಣೆ

ಒಮ್ಮೆ ಭೂಮಿ ತಿರುಗಿ ತಿರುಗಿ ಸುಸ್ತಾಗಿ ನಿಂತುಬಿಟ್ಟಿತ್ತು. ಅದನ್ನು ಎರಡನೇ ಗೇರಿಗೆ ಹಾಕಿ ಮತ್ತೆ ಓಡಿಸಿದವನು ನಾನು. ಇವತ್ತಿಗೂ ರಾತ್ರಿ ಕಳೆದು ಹಗಲಾಗುತ್ತಿದ್ದರೆ ಅದು ನನ್ನ ಉಪಕಾರ. ಸೂರ್ಯನೇ ಇಳಿದು ಬಂದು ಧನ್ಯವಾದ ಹೇಳಿ ಹೋಗಿದ್ದಾನೆ. ಆಗ ಅಲ್ಲಿ ಬೇರೆ ಯಾರೂ ಇರಲಿಲ್ಲ ಎನ್ನುವುದೊಂದೇ ಕೊರತೆ.

ನಾನು ಒಂದು ಗೇರ್‌ಬಾಕ್ಸ್. ಒಂದು ಸಣ್ಣ ಬಿಳಿ ಕಾರಿನ ಮುಂಭಾಗದಲ್ಲಿ, ಎಂಜಿನ್ನಿನ ಮಗ್ಗುಲಲ್ಲಿ ನನ್ನ ಅರಮನೆ. ಕರಗಿಸಿದ ಅಲ್ಯೂಮಿನಿಯಂ ಅನ್ನು ಅಚ್ಚಿಗೆ ಹೊಯ್ದು ನನ್ನನ್ನು ಮಾಡಿದ ದಿನ ಕಾರ್ಖಾನೆಯವರೆಲ್ಲ ಕೆಲಸ ಬಿಟ್ಟು ಎದ್ದು ನಿಂತರು. ಆಗ ಊಟದ ಗಂಟೆ ಹೊಡೆದಿತ್ತು ಎಂದು ಎಂಜಿನ್ನು ಹೇಳುತ್ತದೆ. ಅದಕ್ಕೆ ಹೊಟ್ಟೆಕಿಚ್ಚು. ನನ್ನೊಳಗೆ ಉಕ್ಕಿನ ಹಲ್ಲುಚಕ್ರಗಳನ್ನು ಜೋಡಿಸಿದರು. ಅವುಗಳ ಮಧ್ಯೆ ತೆಳ್ಳಗಿನ ಹಿತ್ತಾಳೆ ಬಳೆಗಳನ್ನು ತೊಡಿಸಿದರು. ಗೇರು ಬದಲಾಗುವಾಗ ರಭಸದಿಂದ ತಿರುಗುವ ಚಕ್ರವನ್ನು ಈ ಬಳೆ ಮೊದಲು ಮೆಲ್ಲಗೆ ಹಿಡಿದು, ವೇಗ ಹೊಂದಿಸುತ್ತದೆ. ಆಮೇಲೆಯೇ ಹಲ್ಲಿಗೆ ಹಲ್ಲು ಕೂರುವುದು. ಬಳೆ ಸವೆದರೆ ನನ್ನ ಕಥೆ ಮುಗಿದಂತೆ. ಇದನ್ನು ಹೇಳುವಾಗ ನನ್ನ ದನಿ ನಡುಗಿದಂತೆ ಕೇಳಿಸಿದರೆ, ಅದು ಎಂಜಿನ್ನಿನ ಸದ್ದು.

ಕೊನೆಗೆ ಜೇನಿನ ಬಣ್ಣದ ತೆಳು ಎಣ್ಣೆಯನ್ನು ಹೊಟ್ಟೆ ತುಂಬ ಹೊಯ್ದರು. ಅಂಥ ಸುಖವನ್ನು ನಾನು ಮತ್ತೆ ಬಹಳ ಕಾಲ ಕಾಣಲಿಲ್ಲ.

ನನ್ನ ಮೊದಲ ಯಜಮಾನರು ಹಾಸನದ ದನದ ಡಾಕ್ಟರು ಬಸವಲಿಂಗಯ್ಯನವರು. ಕರು ಹಾಕುವ ಹಸುಗಳನ್ನು ಮುಟ್ಟಿ ಮುಟ್ಟಿ ಹದಗೊಂಡ ಕೈ ಅವರದು. ಗೇರಿನ ಕೋಲನ್ನೂ ಹಾಗೆಯೇ ಮುಟ್ಟುತ್ತಿದ್ದರು. ನಿವೃತ್ತರಾದಾಗ ಅವರು ಕಾರನ್ನು ವಿಶಾಲಾಕ್ಷಿ ಮೇಡಂಗೆ ಮಾರಿದರು. ಮೇಡಂ ಹೆಂಗಸರಿಗೆ ಕಾರು ಕಲಿಸುವ ಶಾಲೆ ನಡೆಸುತ್ತಿದ್ದರು. ಶಾಲೆ ಎಂದರೆ ಒಂದು ಬೋರ್ಡು, ಒಂದು ಮೈದಾನ ಮತ್ತು ನಾನು. ಬೇರೆ ಕಾರಿರಲಿಲ್ಲ.

ಅಲ್ಲಿಂದ ನನಗೆ ದಿನಕ್ಕೊಂದು ಹೊಸ ಕೈ. ಕ್ಲಚ್ಚನ್ನು ಅರ್ಧ ತುಳಿದು ಗೇರು ನೂಕುವವರು, ಮೂರನೆಯದೆಂದು ರಿವರ್ಸಿಗೆ ಎಳೆಯುವವರು, ದೇವರನ್ನು ನೆನೆದು ಕಣ್ಣು ಮುಚ್ಚಿಕೊಂಡೇ ಹಾಕುವವರು. ಸಾವಿರಾರು ಹೆಂಗಸರು ನನ್ನಿಂದ ಕಲಿತು ಲಾರಿ, ರೈಲು, ವಿಮಾನ ಓಡಿಸುತ್ತಿದ್ದಾರೆ. ಆದರೆ ಬೆಳಿಗ್ಗೆ ಬಾಗಿಲು ತೆರೆದ ಸದ್ದಾದರೆ ಸಾಕು, ನನ್ನ ಚಕ್ರಗಳೆಲ್ಲ ಒಂದಕ್ಕೊಂದು ಆತುಕೊಳ್ಳುತ್ತಿದ್ದವು. ಚಳಿಗೆ, ಅಷ್ಟೆ.

ನನ್ನ ಎಣ್ಣೆ ಹಳತಾದಾಗ ಮೇಡಂ ಕಾರನ್ನು ಷಣ್ಮುಖಣ್ಣನ ಗ್ಯಾರೇಜಿಗೆ ಬಿಟ್ಟರು. ಷಣ್ಮುಖಣ್ಣನ ಹತ್ತಿರ ಲಾರಿಗೂ ಟ್ರ್ಯಾಕ್ಟರಿಗೂ ಹಾಕುವ ಒಂದು ದೊಡ್ಡ ಬ್ಯಾರಲ್ ಇತ್ತು. ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸುವುದು ಅವನ ಪದ್ಧತಿ. ಮೂಗಿಗೆ ಖಾರ ಹತ್ತಿದರೆ ಒಳ್ಳೆಯ ಮಾಲು, ಬೆರಳಿಗೆ ಬೆಲ್ಲದ ಪಾಕದಂತೆ ಅಂಟಿದರೆ ಇನ್ನೂ ಒಳ್ಳೆಯದು. ಅವನು ಸೀನಿದ, ಸಂತೋಷದಿಂದ ಅದನ್ನೇ ನನ್ನೊಳಗೆ ಪಂಪು ಮಾಡಿದ.

ಮಾರನೆಯ ದಿನದಿಂದಲೇ ಬೆಳಗಿನ ಚಳಿಯಲ್ಲಿ ಎರಡನೇ ಗೇರು ಬೀಳದಾಯಿತು. ನಾನೇ ಬೇಕೆಂದು ಬೀಳಿಸುತ್ತಿಲ್ಲ, ನನ್ನ ಘನತೆಗೆ ತಕ್ಕ ಕೈ ಬರಲಿ ಎಂದು ಕಾಯುತ್ತಿದ್ದೇನೆ ಎಂದು ಎಂಜಿನ್ನಿಗೆ ಹೇಳಿದೆ. ಒಳಗೆ ಆಗುತ್ತಿದ್ದುದೇ ಬೇರೆ. ದಪ್ಪ ಎಣ್ಣೆಯಲ್ಲಿ ಬಳೆಗಳು ಜಾರುತ್ತಿದ್ದವು, ಚಕ್ರವನ್ನು ಹಿಡಿಯಲಾಗುತ್ತಿರಲಿಲ್ಲ. ಎಣ್ಣೆಯೊಳಗಿನ ಆ ಗಂಧಕದ ಖಾರ ಹಿತ್ತಾಳೆಯನ್ನು ಸದ್ದಿಲ್ಲದೆ ನೆಕ್ಕುತ್ತಿತ್ತು. ಕರ್ರೆಂದು ಅರಚಿದಾಗಲೆಲ್ಲ ಮೇಡಂ ಕಲಿಯುವವರನ್ನು ಬೈಯುತ್ತಿದ್ದರು. ಹೆಚ್ಚು ಬೈಸಿಕೊಂಡವರು ದಾಕ್ಷಾಯಣಮ್ಮ. ಐವತ್ತು ದಾಟಿದವರು, ಬಸ್ ಡ್ರೈವರನ ಹೆಂಡತಿ. ಗಂಡ ಮನೆಯಲ್ಲಿ ಆಡಿಕೊಂಡು ನಗುತ್ತಿದ್ದನಂತೆ. ಎರಡನೇ ಗೇರಿನ ಹೊತ್ತು ಬಂದರೆ ಅವರ ಅಂಗೈ ಬೆವರಿ ಕೋಲು ಒದ್ದೆಯಾಗುತ್ತಿತ್ತು.

ಅರಚಾಟ ದಿನದಿಂದ ದಿನಕ್ಕೆ ಹೆಚ್ಚಿತು. ಮತ್ತೆ ಗ್ಯಾರೇಜು. ಗುಂಡಿಯ ಮೇಲೆ ಕಾರು ನಿಲ್ಲಿಸಿ, ಅಡಿಯ ನಟ್ಟು ಬಿಚ್ಚಿ, ಇದ್ದ ಎಣ್ಣೆಯನ್ನೆಲ್ಲ ಬೋಗುಣಿಗೆ ಇಳಿಸಿದರು. ಬರಿಹೊಟ್ಟೆಯಲ್ಲಿ ನೇತಾಡುತ್ತ ನಾನು ಮೇಲಿನ ಮಾತು ಕೇಳಿಸಿಕೊಂಡೆ. ಸದ್ದು ಬಂದರೆ ಅದೇ ದಪ್ಪ ಎಣ್ಣೆಯನ್ನು ಹೊಸದಾಗಿ ಹಾಕಿದರಾಯಿತು, ಸದ್ದು ಮುಚ್ಚಿಹೋಗುತ್ತದೆ ಎಂದು ಷಣ್ಮುಖಣ್ಣ ಹೇಳಿದ. ಹಾಗೂ ಸರಿಹೋಗದಿದ್ದರೆ ಗುಜರಿಗೆ ಹಾಕಿ ಬೇರೆ ಕಾರು ತಗೊಳ್ಳಿ ಎಂದ. ಬೇರೆ ಕಾರು ತರುವ ಶಕ್ತಿ ತನಗಿಲ್ಲ, ಇದು ಹೋದರೆ ಶಾಲೆಯೂ ಹೋದಂತೆ ಎಂದರು ಮೇಡಂ. ಬಿಡಿಭಾಗದ ಅಂಗಡಿಯವನು ಕಾರಿನ ಹೆಸರು ಕೇಳಿ ಕೊಟ್ಟಿದ್ದ ಒಂದು ಡಬ್ಬವನ್ನು ಅವರು ತಂದಿದ್ದರು. ಅದರ ಮೇಲೆ ಎಣ್ಣೆಯ ದರ್ಜೆ ನಾಲ್ಕನೇ ನಂಬರು ಎಂದಿತ್ತು. ಬ್ಯಾರಲ್ ಮೇಲೆ ಐದು.

ಷಣ್ಮುಖಣ್ಣ ಡಬ್ಬ ತೆರೆದು ಮೂಸಿ ಮುಖ ಸಿಂಡರಿಸಿದ. "ಏನ್ ಮೇಡಂ ಇದು, ನೀರ್ ಮಜ್ಜಿಗೆ ಥರ ಐತೆ. ಐದು ಗೇರಿನ ಗಾಡಿಗೆ ಐದನೇ ನಂಬರೇ ಆಗ್ಬೇಕು. ಐದನೇ ಕ್ಲಾಸ್ ಓದ್ದೋನು ನಾಲ್ಕನೇ ಕ್ಲಾಸ್ ಲೆಕ್ಕ ಮಾಡಲ್ವಾ?"

ಮೇಡಂ ಡಬ್ಬವನ್ನು ಇಸಿದುಕೊಂಡು ಪಕ್ಕಕ್ಕಿಟ್ಟರು. ಲೆಕ್ಕ ಸರಿ ಇದ್ದಂತೆ ಕಂಡಿರಬೇಕು. ಬ್ಯಾರಲ್ಲಿನ ಪಂಪು ಒಂದು ಸಲ ಕರಕ್ ಎಂದಿತು. ಆ ಖಾರ ಇನ್ನೊಮ್ಮೆ ಒಳಗೆ ಬಂದರೆ ಬಳೆಗಳು ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೂಗೋಣವೆಂದರೆ ಚಕ್ರ ತಿರುಗದೆ ನನಗೆ ದನಿಯಿಲ್ಲ. ನನಗಿದ್ದ ಒಂದೇ ಆಸೆ ಕೆಳಗಿನ ಬೋಗುಣಿ. ಅದರಲ್ಲಿ ಏನೋ ಫಳಫಳ ಹೊಳೆಯುತ್ತಿತ್ತು.

"ಚಿನ್ನ ಹಾಕೈತೆ ನಿಮ್ ಗಾಡಿ" ಎಂದು ಷಣ್ಮುಖಣ್ಣ ನಕ್ಕ.

ನನಗೂ ಆ ಮಾತು ಹಿಡಿಸಿತು. ಹೊಟ್ಟೆಯಲ್ಲಿ ಚಿನ್ನ ಬೆಳೆಯುವ ಗೇರ್‌ಬಾಕ್ಸ್ ಜಗತ್ತಿನಲ್ಲಿ ನಾನೊಬ್ಬನೇ ಎಂದು ಎಂಜಿನ್ನಿಗೆ ಸಾರಲು ಸಿದ್ಧನಾಗಿದ್ದೆ. ಮೇಡಂ ನಗಲಿಲ್ಲ. ಗುಂಡಿಗಿಳಿದು, ಎಣ್ಣೆಯಲ್ಲಿ ಬೆರಳದ್ದಿ ಬೆಳಕಿಗೆ ಹಿಡಿದರು. ಹಳದಿ ಪುಡಿ.

"ಇದು ಹಿತ್ತಾಳೆ, ಷಣ್ಮುಖಣ್ಣ. ಹೋದ್ಸಲ ನಿಮ್ಮ ಎಣ್ಣೆ ಹಾಕಿದ ಮಾರನೇ ದಿನದಿಂದಾನೇ ಎರಡನೇ ಗೇರು ಬೀಳ್ತಿಲ್ಲ. ನಾನು ಪಾಪ ಆ ಹೆಂಗಸರನ್ನ ಬೈತಾ ಕೂತಿದ್ದೆ. ನಾಲ್ಕನೇದೇ ಹಾಕಿ."

ಲಾರಿಯ ಹಿಂದಿನ ಚಕ್ರಗಳ ನಡುವಿನ ಹೌಸಿಂಗಿನಲ್ಲಿ ಹಿತ್ತಾಳೆ ಬಳೆ ಇರಲ್ಲ ಅಲ್ವಾ ಎಂದು ಷಣ್ಮುಖಣ್ಣ ತನ್ನಷ್ಟಕ್ಕೇ ಗೊಣಗಿದ. ಆಮೇಲೆ ಡಬ್ಬವನ್ನು ಮೂಸದೆಯೇ ಹೊಯ್ದ. ತೆಳುವಾದ, ವಾಸನೆಯಿಲ್ಲದ ಎಣ್ಣೆ ಬಳೆಗಳನ್ನು ಒಂದೊಂದಾಗಿ ತೋಯಿಸುತ್ತ ಬಂತು.

ಮರುದಿನ ಬೆಳಿಗ್ಗೆ ಮೈದಾನದಲ್ಲಿ ಮಂಜು. ದಾಕ್ಷಾಯಣಮ್ಮ ಎರಡನೇ ಗೇರಿಗೆ ಕೈ ಹಾಕಿದರು. ಅರಚಲಿಲ್ಲ. ಆದರೆ ಒಮ್ಮೆಲೇ ಬೀಳಲೂ ಇಲ್ಲ. ಸವೆದದ್ದು ಸವೆದೇ ಹೋಗಿತ್ತು. ಯಾವ ಎಣ್ಣೆಯೂ ಅದನ್ನು ಮರಳಿ ತರುವುದಿಲ್ಲ. ದಾಕ್ಷಾಯಣಮ್ಮ ಬೈಗುಳಕ್ಕೆ ಕಾಯುತ್ತ ಕೈ ಹಿಂದೆಗೆದರು.

ಮೇಡಂ ಅವರ ಕೈ ಮೇಲೆ ತಮ್ಮ ಕೈ ಇಟ್ಟರು. "ಇದಕ್ಕೆ ಪೊಗರು ಅಂದ್ಕೊಂಡಿದ್ದೆ ಕಣ್ರೀ. ಪೊಗರಲ್ಲ, ಹೆದರಿಕೆ. ಮಧ್ಯೆ ಒಂದು ಉಸಿರು ನಿಲ್ಸಿ, ಆಮೇಲೆ ಹಾಕಿ."

"ನನ್ನಂಗೇ ಅನ್ನಿ" ಎಂದರು ದಾಕ್ಷಾಯಣಮ್ಮ.

ಸಿಕ್ಕಿಬಿದ್ದೆ. ಎಂಜಿನ್ನೂ ಕೇಳಿಸಿಕೊಂಡಿತು, ಇನ್ನು ಮುಚ್ಚಿಟ್ಟು ಫಲವಿಲ್ಲ. ಹೌದು, ಹೆದರಿಕೆ. ನಾನು ಭೂಮಿಯನ್ನೂ ತಿರುಗಿಸಿಲ್ಲ, ಸೂರ್ಯನನ್ನೂ ಕಂಡಿಲ್ಲ, ನಾನಿರುವುದೇ ಕತ್ತಲಲ್ಲಿ. ನನ್ನಿಂದ ಕಲಿತವರು ಸಾವಿರವಿಲ್ಲ, ವಿಮಾನ ಓಡಿಸುವವರಂತೂ ಒಬ್ಬರೂ ಇಲ್ಲ. ಪ್ರತಿ ಕೈ ಕೋಲಿಗೆ ತಗುಲಿದಾಗಲೂ ಇದೇ ಕೊನೆ ಎಂದು ನಡುಗಿದ್ದೇನೆ. ಈಗ ಮುದಿತನ. ಘಟ್ಟಕ್ಕೂ ಹೆದ್ದಾರಿಗೂ ನನ್ನನ್ನು ಒಯ್ಯುವುದಿಲ್ಲ. ಈ ಮೈದಾನದ ಮೂಲೆಯಲ್ಲಿ, ಮೊದಲ ದಿನ ಬಂದವರ ಕೈಗೆ ಮಾತ್ರ ಕೊಡುತ್ತಾರೆ.

ಅವರು ಒಂದು ಉಸಿರು ನಿಲ್ಲಿಸುತ್ತಾರೆ. ಅಷ್ಟು ಹೊತ್ತು ಅವರಿಗೂ ಭಯ, ನನಗೂ ಭಯ. ಆಮೇಲೆ ಗೇರು ಬೀಳುತ್ತದೆ.