ಹಾಲಿಲ್ಲದ ಚಹಾ

ಕನಿನಿ ಮೊದಲ ಕ್ಯಾನಿನ ಮುಚ್ಚಳ ತೆಗೆದು, ಕುದಿಯುತ್ತಿದ್ದ ಚಹಾದ ಹಂಡೆಗೆ ಹಾಲು ಬಗ್ಗಿಸುವಷ್ಟರಲ್ಲಿ ಮುಸೆಂಬಿ ಬಂದು ತಂಗಿಯ ಮಣಿಕಟ್ಟು ಹಿಡಿದುಕೊಂಡ.

"ಹಾಕ್ಬೇಡ."

"ಯಾಕಣ್ಣಾ? ಪಾದ್ರಿಗಳು ಆಗ್ಲೇ ಬಂದು ಕೂತಿದ್ದಾರೆ. ಗುಂಡಿ ತೋಡಿದೋರು ಬೆಳಿಗ್ಗೆಯಿಂದ ಬಾಯಿಗೆ ಏನೂ ಹಾಕಿಲ್ಲ."

"ನೋಡದೆ ಹಾಕ್ಬೇಡ ಅಂದೆ."

ಕನಿನಿಗೆ ಅರ್ಥವಾಯಿತು. ಅರ್ಥವಾದದ್ದಕ್ಕೇ ಸಿಟ್ಟು ಬಂತು. ಮಾವಿನ ಮರದ ನೆರಳಿನಲ್ಲಿ ಏಳು ಕ್ಯಾನುಗಳು ಸಾಲಾಗಿ ನಿಂತಿದ್ದವು. ಸಾವಿನ ಮನೆಗೆ ಬರಿಗೈಯಲ್ಲಿ ಬರುವ ಪದ್ಧತಿ ಆ ಗುಡ್ಡದಲ್ಲಿ ಇಲ್ಲ. ಒಬ್ಬರು ಸೌದೆ ತಂದರೆ ಒಬ್ಬರು ನೀರು ತರುತ್ತಾರೆ, ಹಸು ಇದ್ದವರು ಹಾಲು ತರುತ್ತಾರೆ. ಮೂರು ವರ್ಷದಿಂದ ಈ ಅಂಗಳ ತುಳಿಯದವರೂ ಇವತ್ತು ಬಂದಿದ್ದರು. ಸತ್ತವಳ ಮೇಲೆ ಇನ್ನೆಂಥ ಹಗೆ ಎಂದುಕೊಂಡಿರಬೇಕು.

"ಅತ್ತಿಗೆ ಹೋದ್ರೂ ಅವಳ ಹುಚ್ಚು ಹೋಗ್ಲಿಲ್ಲ ನೋಡು," ಎಂದಳು ಕನಿನಿ ಹಲ್ಲು ಕಚ್ಚಿ. "ನಿನ್ನ ಕಾಲಿಗೆ ಬೀಳ್ತೀನಿ, ಇವತ್ತೊಂದಿನ ಸುಮ್ನಿರು. ನಾನು ನಾಡಿದ್ದು ಮಚಾಕೋಸ್ ಪಟ್ಟಣಕ್ಕೆ ವಾಪಸ್ ಹೋಗೋಳು. ಇವರೂ ಮುನಿಸಿಕೊಂಡು ಎದ್ದು ಹೋದ್ರೆ ನಿನ್ನ ಬಾಗಿಲಿಗೆ ನಾಯೀನೂ ಬರಲ್ಲ."

ಅದು ಮುಸೆಂಬಿಗೂ ಗೊತ್ತಿತ್ತು. ರಾತ್ರಿಯೆಲ್ಲ ಅವನು ಹೆದರಿದ್ದು ಅದಕ್ಕೇ. ಆದರೆ ಆಸ್ಪತ್ರೆಯ ಮಂಚದ ಮೇಲೆ ಹೆಂಡತಿ ಕಟುಂಗೆ ಕೇಳಿದ್ದು ಒಂದೇ ಒಂದು. "ನನ್ನ ಮಣ್ಣಿಗೆ ಬಂದೋರಿಗೆ ನೋಡದೆ ಹಾಲು ಕೊಡ್ಬೇಡ." ಅವನು ಹೂಂ ಅಂದಿದ್ದ. ಯಾರು ತಾನೇ ಬರುತ್ತಾರೆ ಎಂಬ ಧೈರ್ಯದಲ್ಲೇ ಹೂಂ ಅಂದಿದ್ದ.

*

ಕಟುಂಗೆ ಇಪ್ಪತ್ತೆರಡು ವರ್ಷ ಊರವರ ಹಾಲು ಕೊಳ್ಳುವ ಡೇರಿ ಶೆಡ್ಡಿನಲ್ಲಿ ನಿಂತವಳು. ಬೆಳಿಗ್ಗೆ ಆರಕ್ಕೆ ಬಿಳಿ ಕೋಟು ತೊಟ್ಟು, ಬಂದ ಒಂದೊಂದು ಕ್ಯಾನಿಗೂ ಮೂಗು ತಂದು ಮೂಸುವಳು. ಅವಳ ಮೂಗಿನ ಮುಂದೆ ಯಾರ ಆಟವೂ ನಡೆಯುತ್ತಿರಲಿಲ್ಲ.

"ಏ ಕಲೊಂಡು, ನಿನ್ನೆ ನಿನ್ನ ಹಸು ಈರುಳ್ಳಿ ಹೊಲಕ್ಕೆ ನುಗ್ಗಿತ್ತಾ?"

"ನುಗ್ಗಿದ್ದು ಹಸು ಕಣೇ, ಬೈಸ್ಕೊಂಡಿದ್ದು ನನ್ನ ಗಂಡ!"

ಕಲೊಂಡು ಪಕ್ಕದ ಮನೆಯವಳು. ಸಂಜೆ ನಾಲ್ಕಾಯಿತೆಂದರೆ ಬೇಲಿ ದಾಟಿ ಬರುವಳು. ಮಾವಿನ ಮರದ ಕೆಳಗೆ ಮೂರು ಲೋಟ ಚಹಾ ಇರುತ್ತಿತ್ತು, ಒಂದಕ್ಕೆ ಮೂರು ಚಮಚ ಸಕ್ಕರೆ. ಮುಸೆಂಬಿ ಕುಡಿದು ಎದ್ದು ಹೋದರೂ ಅವರಿಬ್ಬರ ಮಾತು ಮುಗಿಯುತ್ತಿರಲಿಲ್ಲ.

ಮೆಕ್ಕೆಜೋಳ ಕೊಯ್ದಾಗ ಎಲ್ಲ ಮನೆಯಲ್ಲೂ ಹೆಂಗಸರು ಕೂತು ತೆನೆಗಳನ್ನು ಮೂರು ಗುಡ್ಡೆ ಮಾಡುತ್ತಾರೆ. ಮೊದಲನೆಯದು ಬೀಜಕ್ಕೆ, ಎರಡನೆಯದು ಮಡಕೆಗೆ, ಬೂಷ್ಟು ಹಿಡಿದು ಕಪ್ಪಾದದ್ದು ಹಸುವಿಗೆ. ಎಸೆಯುವ ಮಾತೇ ಇಲ್ಲ. ಕಾಳು ಎಸೆದ ಕೈ ಕಾಳಿಗೆ ಚಾಚಬೇಕಾಗುತ್ತದೆ ಎಂದು ಅಜ್ಜಿಯರು ಹೆದರಿಸಿಯೇ ಬೆಳೆಸಿದ ಊರು ಅದು. ಕಟುಂಗೆ ಹೊಸ ಸೊಸೆಯಂದಿರಿಗೆ ತಾನೇ ಹೇಳಿಕೊಡುತ್ತಿದ್ದಳು: "ಹಸುವಿನ ಹೊಟ್ಟೆ ಗಿರಣಿ ಇದ್ದ ಹಾಗೆ ಕಣ್ರೇ. ಏನ್ ಹಾಕಿದ್ರೂ ಬೆಳ್ಳಗೇ ಬರುತ್ತೆ."

ಆಮೇಲೊಂದು ದಿನ ಡೇರಿಯವರು ಅವಳನ್ನು ಪಟ್ಟಣಕ್ಕೆ ಕರೆಸಿ ಕೂರಿಸಿ, ಹಾಲು ಪರೀಕ್ಷಿಸುವ ಕಾಗದದ ಪಟ್ಟಿಗಳ ಡಬ್ಬಿಯೊಂದನ್ನು ಕೈಗೆ ಕೊಟ್ಟು ಕಳಿಸಿದರು. ಬೂಷ್ಟಿನ ವಿಷ ಹಸುವಿನ ಹೊಟ್ಟೆಯಲ್ಲಿ ಸಾಯುವುದಿಲ್ಲ, ಹಾಲಿಗೆ ಇಳಿಯುತ್ತದೆ. ಎಷ್ಟು ಕುದಿಸಿದರೂ ಹೋಗುವುದಿಲ್ಲ. ವಾಸನೆಯಿಲ್ಲ, ರುಚಿಯಿಲ್ಲ. ಹಾಲಿಗೆ ಪಟ್ಟಿ ಅದ್ದಿ ಹತ್ತು ನಿಮಿಷ ಬೆಚ್ಚಗಿಟ್ಟರೆ, ಎರಡು ಕೆಂಪು ಗೆರೆ ಮೂಡಿದ್ದು ಒಳ್ಳೆಯ ಹಾಲು. ಒಂದೇ ಗೆರೆ ಮೂಡಿದ್ದು ಕೆಟ್ಟದ್ದು. ಅವತ್ತು ಮನೆಗೆ ಬಂದ ಕಟುಂಗೆ ಊಟ ಮಾಡಲಿಲ್ಲ. "ಇಪ್ಪತ್ತು ವರ್ಷ ಈ ಮೂಗನ್ನ ನಂಬ್ಕೊಂಡು ಮಕ್ಕಳಿಗೆ ಏನ್ ಕುಡಿಸಿದ್ದೀನೋ," ಎಂದಳು. ಕಪ್ಪು ಗುಡ್ಡೆಯನ್ನು ಹಸುವಿಗೆ ಹಾಕಬೇಡ ಎಂದು ಗಂಡನಿಗೆ ಎರಡು ಸಲ ಹೇಳಿ ಮಲಗಿದಳು.

ಮುಸೆಂಬಿ ಹಾಕಿದ. ಒಂದು ಬುಟ್ಟಿಯಿಂದ ಏನು ಮುಳುಗಿಹೋಗುತ್ತದೆ ಎಂದುಕೊಂಡ.

ಮರುದಿನ ಕರೆದ ಹಾಲಿಗೆ ಅವಳು ಪಟ್ಟಿ ಅದ್ದಿದಳು. ಒಂದೇ ಗೆರೆ ಮೂಡಿತು. ಅವಳು ಖಾಲಿ ಬುಟ್ಟಿಯನ್ನು ನೋಡಿದಳು, ಗಂಡನನ್ನು ನೋಡಿದಳು, ಬೈಯಲಿಲ್ಲ. ಬೇಲಿಯ ಹತ್ತಿರ ಗುಂಡಿ ತೋಡಿ ಹಾಲು ಸುರಿದು, ಮಣ್ಣೆಳೆದು, ನಾಯಿ ಕೆದಕದ ಹಾಗೆ ಕಾಲಲ್ಲಿ ತುಳಿದಳು.

"ಯಾರಿಗೂ ಹೇಳ್ಬೇಡ," ಎಂದಳು. "ಮೊದ್ಲು ನಮ್ದು ಚೆಲ್ಲಿದ್ದೀನಿ ಅಂತ ಹೇಳ್ಕೊಂಡು ಅವರದ್ದು ಚೆಲ್ಲೋದು ನಾಟಕ ಆಗುತ್ತೆ."

ಅವತ್ತು ಶೆಡ್ಡಿನಲ್ಲಿ ಮೂವತ್ತರಲ್ಲಿ ಹತ್ತೊಂಬತ್ತು ಕ್ಯಾನು ಕೆಟ್ಟಿದ್ದವು, ಅಷ್ಟನ್ನೂ ಚೆಲ್ಲಿಸಿದಳು. ಮೊದಲು ಸಿಕ್ಕಿಬಿದ್ದದ್ದು ಕಲೊಂಡುವಿನದು.

"ನಿನ್ನ ಕ್ಯಾನೆಲ್ಲೇ? ಮನೇಲಿ ಬಚ್ಚಿಟ್ಟು ಬಂದ್ಯಾ?" ಎಂದು ಕಲೊಂಡು ಎಲ್ಲರೆದುರು ಕೂಗಿದಳು. "ಹಸುವಿನ ಹೊಟ್ಟೆ ಗಿರಣಿ ಅಂದೋಳು ನೀನೇ ಅಲ್ವಾ?"

"ಹೌದು, ನಾನೇ," ಎಂದಳು ಕಟುಂಗೆ. ಮುಂದಿನ ಕ್ಯಾನಿನ ಮುಚ್ಚಳ ತೆಗೆದಳು.

ಆರು ವಾರ ಆ ಗುಡ್ಡದ ಹಾಲನ್ನು ಯಾರೂ ಕೊಳ್ಳಲಿಲ್ಲ. ಕೈಯಲ್ಲಿ ಕಾಸಿಲ್ಲದೆ ಕಲೊಂಡು ಮೊದಲ ಗಬ್ಬದ ಕಡಸನ್ನು ಮಾರಿದಳು. ಮಾರಿದ ದಿನ, ತಾನು ದಾಟಿ ಬರುತ್ತಿದ್ದ ಬೇಲಿಯ ಸಂದಿಗೆ ಮುಳ್ಳು ತುರುಕಿದಳು. ಒಂದು ವರ್ಷದಲ್ಲಿ ಪಟ್ಟಿಗಳು ಬರುವುದು ನಿಂತಿತು, ಕಟುಂಗೆಯನ್ನೂ ವಯಸ್ಸಾಯಿತು ಎಂದು ಮನೆಗೆ ಕಳಿಸಿದರು. ಆದರೂ ಅವಳು ದಿನಾ ನಾಲ್ಕು ಗಂಟೆಗೆ ಮೂರು ಲೋಟ ತೊಳೆದು ಮರದ ಕೆಳಗೆ ಇಡುತ್ತಿದ್ದಳು. ಮೂರನೆಯದು ಹಾಗೇ ಆರುವುದು, ಅದನ್ನು ಗಿಡಕ್ಕೆ ಚೆಲ್ಲುವಳು. ಮುಸೆಂಬಿ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಿದರೆ ಬುಟ್ಟಿ ಎತ್ತಿದ್ದು ಯಾರು ಎಂಬುದನ್ನೂ ಆಡಬೇಕಿತ್ತು. ಅವನು ತನ್ನ ಲೋಟ ಕುಡಿದು ಎದ್ದು ಹೋಗುತ್ತಿದ್ದ.

ಕಡೆಗೆ ಅವಳ ಹೊಟ್ಟೆ ಊದಿತು, ಕಣ್ಣು ಹಳದಿಯಾಯಿತು. ಲಿವರ್ ಹೋಗಿದೆ ಎಂದರು ಡಾಕ್ಟರು. ಹಾಲಿನಿಂದಲೇ ಎಂದು ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ.

*

"ಏನಂತೆ? ಚಹಾ ಇಲ್ವಂತಾ?" ಗುಂಡಿ ತೋಡಿದವರಲ್ಲಿ ಒಬ್ಬ ಕೇಳಿದ.

"ಸತ್ತ ಮೇಲೂ ನಮ್ಮ ಹಾಲು ಚೆಲ್ಲಿಸ್ತಾಳಂತೆ," ಎಂದಳು ಕುರ್ಚಿಯಲ್ಲಿ ಕೂತಿದ್ದ ಹೆಂಗಸೊಬ್ಬಳು. ಯಾರೋ ಕಿಸಕ್ಕನೆ ನಕ್ಕು, ಶವದ ಪೆಟ್ಟಿಗೆಯ ಕಡೆ ನೋಡಿ ಬಾಯಿ ಮುಚ್ಚಿಕೊಂಡರು.

ಪಾದ್ರಿ ಎದ್ದು ಬಂದು ಮೆಲ್ಲಗೆ ಹೇಳಿದರು, "ಮುಸೆಂಬಿ, ಜನ ಪ್ರೀತಿಯಿಂದ ತಂದಿರೋದಪ್ಪ."

"ನಾನೂ ಪ್ರೀತಿಯಿಂದಲೇ ಹಾಕಿದ್ದೆ ಪಾದ್ರಿಗಳೇ, ಹಸುವಿಗೆ."

ಅವರಿಗೆ ತಿಳಿಯಲಿಲ್ಲ. ಈಗ ಬಿಟ್ಟರೆ ಈ ಮಾತು ಪೆಟ್ಟಿಗೆಯ ಜೊತೆಗೇ ಮಣ್ಣಿಗೆ ಹೋಗುತ್ತದೆ. ಅವನು ಹಂಡೆಯ ಪಕ್ಕ ನಿಂತೇ ದನಿ ಎತ್ತಿದ.

"ಅವತ್ತು ಕಟುಂಗೆ ಮೊದ್ಲು ಚೆಲ್ಲಿದ್ದು ನಮ್ಮ ಹಾಲು. ಅಲ್ಲಿ, ಆ ಬೇಲಿ ಹತ್ರ. ಅದಕ್ಕೇ ಅವಳ ಕ್ಯಾನು ಶೆಡ್ಡಿಗೆ ಬರ್ಲಿಲ್ಲ. ಕೆಟ್ಟ ಜೋಳ ಹಾಕಿದೋನು ನಾನು, ಅವಳು ಬೇಡ ಬೇಡ ಅಂದ್ರೂ ಕೇಳದೆ. ಮೂರು ವರ್ಷ ನೀವು ಅವಳಿಗೆ ಅಂದಿದ್ದೆಲ್ಲ ನನಗೆ ಅನ್ನಬೇಕಾಗಿತ್ತು. ನಾನು ಬಾಯಿ ಮುಚ್ಕೊಂಡಿದ್ದೆ."

ಅವನು ಒಳಗೆ ಹೋಗಿ, ನೀರಿನ ಮಡಕೆಯ ಕೆಳಗಿನ ಒದ್ದೆ ಮರಳಿನಲ್ಲಿ ಅವಳು ತಂಪಿಗೆ ಹೂತಿಟ್ಟಿದ್ದ ತಗಡಿನ ಡಬ್ಬಿ ತಂದ. ಅದರಲ್ಲಿ ಉಳಿದಿದ್ದದ್ದು ಒಂದೇ ಪಟ್ಟಿ.

"ಏಳು ಕ್ಯಾನು, ಒಂದು ಪಟ್ಟಿ," ಎಂದಳು ಕನಿನಿ. "ಈಗ ಯಾರ ಮರ್ಯಾದೆ ತೆಗೀತೀಯಣ್ಣಾ?"

ಕ್ಯಾನಿನ ಒಡತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಸಾಲಿನಿಂದ ಕಲೊಂಡು ಎದ್ದಳು. ಕರಿ ವಸ್ತ್ರ ತಲೆಗೆ ಕಟ್ಟಿದ್ದಳು, ಇಗರ್ಜಿಗೆಂದು ಇಟ್ಟಿದ್ದ ಬೂಟು ತೊಟ್ಟಿದ್ದಳು. ಸಾಲಿನಿಂದ ತನ್ನ ಕ್ಯಾನನ್ನು ಎತ್ತಿ ತಂದು ಮುಸೆಂಬಿಯ ಮುಂದಿಟ್ಟು, ಮುಚ್ಚಳ ತೆಗೆದು, ಶೆಡ್ಡಿನಲ್ಲಿ ನಿಲ್ಲುತ್ತಿದ್ದ ಹಾಗೆಯೇ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.

"ನನ್ನದು ನೋಡಿ ಮುಸೆಂಬಣ್ಣ."

ಅವನು ಹೆಂಡತಿ ಮಾಡುತ್ತಿದ್ದುದನ್ನು ನೆನಪಿಸಿಕೊಳ್ಳುತ್ತಾ ಪುಟ್ಟ ಬಾಟಲಿಗೆ ಹಾಲು ಬಿಟ್ಟ, ಪಟ್ಟಿ ಅದ್ದಿದ, ಬೆಚ್ಚಗಿನ ನೀರಿನ ಲೋಟದಲ್ಲಿ ನಿಲ್ಲಿಸಿದ. ಪಾದ್ರಿ ಗಡಿಯಾರ ನೋಡಿದರು. ಹತ್ತು ನಿಮಿಷವಾಗುವವರೆಗೆ ಕನಿನಿ ಹಂಡೆಯ ಕೆಳಗೆ ಸೌದೆ ಸರಿಸುತ್ತಿದ್ದಳು.

ಒಂದೇ ಗೆರೆ.

ಮುಸೆಂಬಿ ಪಟ್ಟಿಯನ್ನು ಅಂಗೈಯಲ್ಲಿ ಮುಚ್ಚಿಕೊಳ್ಳಲು ನೋಡಿದ. ಕಲೊಂಡು ಬಿಡಲಿಲ್ಲ, ಕೈ ಬಿಡಿಸಿ ನೋಡಿದಳು.

"ನಂಗೊತ್ತಿತ್ತು," ಎಂದಳು. "ಕೊಯ್ಲಲ್ಲೇ ಮಳೆ ಹಿಡ್ಕೊಳ್ತಲ್ಲ ಈ ಸಲ, ತೆನೆ ಒಣಗ್ಲೇ ಇಲ್ಲ. ಸೋಮವಾರದಿಂದ ನಮ್ಮ ಹಸು ಕಪ್ಪು ಗುಡ್ಡೇನೇ ತಿಂತಿರೋದು." ಆಮೇಲೆ ಉಳಿದ ಕ್ಯಾನುಗಳ ಕಡೆ ತಿರುಗಿದಳು. "ಎಲ್ಲರ ಮನೇಲೂ ಅದೇ ಗುಡ್ಡೆ."

"ಗೊತ್ತಿದ್ದೂ ಯಾಕೆ ತಂದೆ ಮಾರಾಯ್ತಿ?" ಕನಿನಿ ಕೇಳಿದಳು.

"ಬರಿಗೈಲಿ ಅವಳ ಮನೆಗೆ ಹೇಗೆ ಬರ್ಲಿ?"

ಕಲೊಂಡು ಬಗ್ಗಿ ತನ್ನ ಕ್ಯಾನಿನ ಮುಚ್ಚಳ ಹಾಕಿದಳು.

ಇಬ್ಬರು ಹೆಂಗಸರು ತಮ್ಮ ಕ್ಯಾನು ಎತ್ತಿಕೊಂಡು, ಯಾರಿಗೂ ಹೇಳದೆ, ಇಳಿಜಾರಿನ ದಾರಿ ಹಿಡಿದರು. ಉಳಿದವರು ಕೂತೇ ಇದ್ದರು. ಮುಸೆಂಬಿ ಹಂಡೆಯಿಂದ ಕರಿ ಚಹಾ ಬಗ್ಗಿಸಿ ಕೊಡತೊಡಗಿದ. ಸಾವಿನ ಮನೆಯಲ್ಲಿ ಹಾಲಿಲ್ಲದ ಚಹಾ ಕೊಟ್ಟವರನ್ನು ಆ ಗುಡ್ಡ ಕಂಡಿರಲಿಲ್ಲ. ಕೆಲವರು ಲೋಟ ಹಿಡಿದು ಕುಡಿಯದೆ ಕೂತರು, ಕೆಲವರು ಕುಡಿದರು. ಕನಿನಿ ಸಕ್ಕರೆ ಹೆಚ್ಚು ಹಾಕಿದಳು.

ಕಲೊಂಡು ಕಟುಂಗೆಗೆಂದು ತೋಡಿದ್ದ ಗುಂಡಿಯ ಹತ್ತಿರ ಬಿದ್ದಿದ್ದ ಗುದ್ದಲಿ ತೆಗೆದುಕೊಂಡು ಬೇಲಿಯ ಕಡೆ ಹೋದಳು. ಮೊಣಕಾಲುದ್ದ ಗುಂಡಿ ತೋಡಿ, ಕ್ಯಾನು ಬಗ್ಗಿಸಿ, ಮಣ್ಣೆಳೆದಳು. ಹಾಲಿನ ವಾಸನೆಗೆ ಮುಸೆಂಬಿಯ ನಾಯಿ ಮೂಸುತ್ತ ಹತ್ತಿರ ಬಂತು.

"ಹಚಾ!"

ಅದು ಹೋಗಲಿಲ್ಲ, ನಾಲ್ಕು ಹೆಜ್ಜೆ ದೂರದಲ್ಲಿ ಕೂತುಕೊಂಡಿತು. ಮುಸೆಂಬಿ ಎರಡು ಲೋಟ ಚಹಾ ಹಿಡಿದು ಅಲ್ಲಿಗೆ ಹೋದ. ಒಂದನ್ನು ಅವಳಿಗೆ ಕೊಟ್ಟು, ಬಂದು ಕುರ್ಚಿಯಲ್ಲಿ ಕೂರು ಎಂದ. ಕಲೊಂಡು ಬೇಡವೆಂದು ತಲೆಯಾಡಿಸಿದಳು. ಇಗರ್ಜಿಯ ಬೂಟಿನ ಎರಡೂ ಕಾಲನ್ನು ಆ ಹಸಿ ಮಣ್ಣಿನ ಮೇಲೆ ಒತ್ತಿ ನಿಂತು, ನಾಯಿಯ ಮೇಲಿನ ಕಣ್ಣು ತೆಗೆಯದೆ, ಒಂದೊಂದೇ ಗುಟುಕು ಕುಡಿದಳು.