ಮೇಲಿರಬೇಕಾದ ಕಂಬಿ

ತಾವು ಹಾಕಿಸಿದ ಕಾಂಕ್ರೀಟಿನ ಅಡಿಯಿಂದ ಕೊನೆಯ ಆಸರೆಕಂಬವನ್ನು ಕಳಚುವ ಹೊತ್ತಿಗೆ ಅದರ ಕೆಳಗೆ ತಾವೇ ನಿಲ್ಲುವುದು ಮೇಸ್ತ್ರಿಯವರು ನಲವತ್ತು ವರ್ಷಗಳಿಂದ ಪಾಲಿಸಿಕೊಂಡು ಬಂದ ನೇಮ. ಅದನ್ನು ಯಾರೂ ವಿಧಿಸಿರಲಿಲ್ಲ. "ಬೀಳೋದಾದ್ರೆ ಮೊದಲು ನನ್ನ ತಲೆ ಮೇಲೆ ಬೀಳಲಿ, ಮನೆಯವರ ತಲೆ ಮೇಲೆ ಬೇಡ" ಎನ್ನುತ್ತಿದ್ದರು. ಇದುವರೆಗೆ ಅವರ ತಲೆಯ ಮೇಲೆ ಬಿದ್ದದ್ದೆಂದರೆ ಮರದ ಬೆಣೆಯ ಚೂರುಗಳು, ಒಂದು ಸಲ ಒಂದು ಹಲ್ಲಿ.

ಆ ದಿನ ಕಳಚಬೇಕಾಗಿದ್ದುದು ಹೊಸಮನೆಯ ಮಹಡಿಯ ಬಾಲ್ಕನಿಯ ಆಸರೆ. ಕಾಂಕ್ರೀಟು ಹಾಕಿ, ಮೂರು ವಾರ ನೀರುಣಿಸಿ ಆಗಿತ್ತು. ಹಲಗೆ ಹಾಸಿ ಕಂಬ ನಿಲ್ಲಿಸಿದ್ದವನು ಮೇಸ್ತ್ರಿಯವರ ಅಳಿಯ, ವೃತ್ತಿಯಿಂದ ಬಡಗಿ; ಕಳಚುವವನೂ ಅವನೇ. ಮಗಳು ಪ್ಲಂಬರ್. ಗೋಡೆಯೊಳಗೆ ಪೈಪು ಹಾಯಿಸುವುದರಲ್ಲಿ ಅವಳ ಕೈ ಎಷ್ಟು ಪಳಗಿತ್ತೆಂದರೆ, ಅವಳು ಹಾಕಿದ ನಲ್ಲಿ ತೊಟ್ಟಿಕ್ಕಿದ್ದನ್ನು ಕಂಡವರಿರಲಿಲ್ಲ. ನಾಲ್ಕನೆಯವನು ಕಂಬಿ ಕಟ್ಟುವವನು. ಸದಾ ಸೊಂಟಕ್ಕೆ ಇಕ್ಕಳ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಅವನ ಹೆಸರೇ ಇಕ್ಕಳ ಎಂದಾಗಿತ್ತು.

ಈ ನಾಲ್ವರ ಕೆಲಸದಲ್ಲಿ ಮಾತಿಗೆ ಸ್ಥಾನವಿರಲಿಲ್ಲ. ಹರಟೆಗೆ, ಕೀಟಲೆಗೆ ಧಾರಾಳವಾಗಿ ಇತ್ತು. ಸಾಮಾನು ಕೇಳಲು ಮಾತ್ರ ಇರಲಿಲ್ಲ. ಮೇಸ್ತ್ರಿಯವರು ಅಂಗೈ ಚಾಚಿದರೆ ಸಾಕು, ಹತ್ತಿರವಿದ್ದವರು ಗೋಡೆಯತ್ತ ಒಮ್ಮೆ ನೋಡಿ ಕರಣೆಯನ್ನೋ ತೂಗುಗುಂಡನ್ನೋ ರಸಮಟ್ಟವನ್ನೋ ಅದರಲ್ಲಿಡಬೇಕು. ಹೆಸರು ಹಿಡಿದು ಕೇಳುವವನು ಕಲಿಯುವವನು, ಕೇಳದೆ ಕೊಡುವವನು ಕಲಿತವನು ಎಂಬುದು ಅವರ ಗರಡಿಯ ರೀತಿ. ಬೇರೆ ಮೇಸ್ತ್ರಿಗಳು ಇದನ್ನು ನೋಡಲೆಂದೇ ಬಂದು ನಿಲ್ಲುತ್ತಿದ್ದುದುಂಟು.

ಬೆಳಿಗ್ಗೆ ಬಂದವಳೇ ಮಗಳು ಬಾಲ್ಕನಿಯ ಮೂಲೆಯನ್ನು ನೋಡಿ ಸೊಂಟಕ್ಕೆ ಕೈಯಿಟ್ಟಿದ್ದಳು.

"ಅಪ್ಪ, ನೀರು ಇಳಿಯೋಕೆ ಇಲ್ಲೊಂದು ಪೈಪ್ ತುಂಡು ಇಟ್ಟು ಕಾಂಕ್ರೀಟ್ ಹಾಕ್ಸು ಅಂತ ಎಷ್ಟು ಸಲ ಬಡ್ಕೊಂಡಿದ್ದೆ! ಮರೆತೇ ಬಿಟ್ಯಾ?"

"ಮರೆಯೋದು ಯಾಕೆ? ಎಲ್ಲಾ ನಾನೇ ಮಾಡಿಟ್ರೆ ನೀನು ಕೂತು ಕೂತು ದಪ್ಪ ಆಗ್ತೀಯ ಅಂತ ಬಿಟ್ಟೆ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ತೂತು ಕೊರೆಯುವ ಮೆಷಿನ್ನನ್ನು ಮೇಲೆ ಒಯ್ಯುತ್ತ ಗಂಡನಿಗೆ, "ರೀ, ಮೆಷಿನ್ ಸದ್ದು ನಿಂತ ಮೇಲೆ ಕಂಬ ಬಿಚ್ಚಿ. ಅಲ್ಲಿವರೆಗೆ ಸುತ್ತಿಗೆ ಮುಟ್ಟಬೇಡಿ" ಎಂದಳು.

"ಅಪ್ಪಣೆ" ಎಂದು ಅವನು ಕೈಮುಗಿದ.

ಮೆಷಿನ್ನು ಮುಕ್ಕಾಲು ಗಂಟೆ ಅರಚಿತು. ಬೂದುಬಣ್ಣದ ನೀರು ಅವಳ ಮೊಣಕಾಲಿನವರೆಗೆ ಸಿಡಿಯಿತು. ಕೊನೆಗೆ ಕೊರೆದ ಬಿಲ್ಲೆ ಸಡಿಲವಾಯಿತು. ಮೆಷಿನ್ನು ನಿಲ್ಲಿಸಿ, ಐದಂಗುಲ ದಪ್ಪದ ಆ ದುಂಡನೆಯ ಕಾಂಕ್ರೀಟು ತುಂಡನ್ನು ಎರಡು ಬೆರಳು ಹಾಕಿ ಮೇಲಕ್ಕೆತ್ತಿದಳು. ಅದರ ಬದಿಯಲ್ಲಿ, ಕೆಳಗಿನ ಅಂಚಿನಿಂದ ಒಂದಂಗುಲ ಮೇಲೆ, ಕತ್ತರಿಸಿದ ಕಂಬಿಯ ಮುಖ ಬೆಳ್ಳಗೆ ಹೊಳೆಯುತ್ತಿತ್ತು.

ಅಯ್ಯೋ, ತಲೆಕೆಳಗಾಗಿ ಹಿಡಿದಿದ್ದೇನೆ ಎಂದುಕೊಂಡು ತುಂಡನ್ನು ತಿರುಗಿಸಿದಳು. ತಿರುಗಿಸಿದ ಕೈ ಅಲ್ಲೇ ನಿಂತಿತು. ಹಲಗೆಯ ಗೆರೆಗಳು ಅಚ್ಚೊತ್ತಿದ್ದ ನುಣುಪಾದ ಮುಖ ಈಗ ಮೇಲಿತ್ತು. ಹಾಗಾದರೆ ಮೊದಲು ಹಿಡಿದದ್ದೇ ಸರಿ. ಕಂಬಿ ಇದ್ದದ್ದು ಕೆಳಗೆ.

ಅವಳು ಎಂಟನೆಯ ವಯಸ್ಸಿನಲ್ಲಿ ಅಪ್ಪನಿಂದ ಕಲಿತ ಮೊದಲ ಪಾಠ ಇದು. ಅಪ್ಪ ಅವಳ ಕೈಯನ್ನು ನೇರವಾಗಿ ಚಾಚಿಸಿ, ಬೆರಳ ತುದಿಗೆ ಒಂದು ಇಟ್ಟಿಗೆ ನೇತುಹಾಕಿ, ಭುಜದ ಮೇಲ್ಭಾಗವನ್ನು ಒತ್ತಿ ತೋರಿಸಿದ್ದರು: "ಎಲ್ಲಿ ಎಳೀತಿದೆ? ಮೇಲೆ ತಾನೆ? ಬಾಲ್ಕನಿ ಅಂದ್ರೆ ಮನೆ ಚಾಚಿದ ಕೈ. ಅದರ ನರ ಮೇಲಿರಬೇಕು. ಕೆಳಗೆ ಹಾಕಿದೋನು ಕಟ್ಟಿದ್ದು ಮನೆ ಅಲ್ಲ, ಬೋನು."

ಅವಳು ಉಳಿ ಹಿಡಿದು ಗೋಡೆಯ ಬುಡದಲ್ಲಿ ಒಂದಂಗುಲ ಆಳಕ್ಕೆ ಕೆತ್ತಿದಳು. ಜಲ್ಲಿ, ಮರಳು, ಸಿಮೆಂಟು. ಒಂದು ಮೊಳ ಆಚೆ ಮತ್ತೆ ಕೆತ್ತಿದಳು. ಜಲ್ಲಿ, ಮರಳು, ಸಿಮೆಂಟು. ಉಳಿಯ ತುದಿಗೆ ಕಬ್ಬಿಣದ ಉತ್ತರ ಎಲ್ಲಿಯೂ ಬರಲಿಲ್ಲ.

ಆಗ ಕೆಳಗಿನಿಂದ ಸದ್ದು ಕೇಳಿತು. ಠಕ್. ಬೆಣೆಗೆ ಸುತ್ತಿಗೆ ಬಿದ್ದ ಸದ್ದು. ಕಂಬವೊಂದು ನೆಲಕ್ಕೊರಗಿದ ಸದ್ದು. ಇನ್ನೊಂದು ಠಕ್. ಮೆಷಿನ್ನು ನಿಂತಿತ್ತು, ಅವರು ಅವಳ ಮಾತನ್ನೇ ಪಾಲಿಸುತ್ತಿದ್ದರು.

ಅವಳು ಕೂಗಿದ್ದು ಸುತ್ತಿಗೆಯ ಸದ್ದಿನಲ್ಲಿ ಮುಳುಗಿಹೋಯಿತು. ಬಿಲ್ಲೆಯನ್ನು ಎದೆಗವಚಿಕೊಂಡು, ಇನ್ನೂ ಕಟಕಟೆಯಿಲ್ಲದ ಹದಿನೆಂಟು ಮೆಟ್ಟಿಲುಗಳನ್ನು ಹೇಗೆ ಇಳಿದಳೋ ಅವಳಿಗೆ ತಿಳಿಯದು.

ಐದು ಕಂಬಗಳಲ್ಲಿ ಮೂರು ಆಗಲೇ ನೆಲದ ಮೇಲಿದ್ದವು. ನಾಲ್ಕನೆಯದರ ಬೆಣೆಗೆ ಗಂಡ ಸುತ್ತಿಗೆ ಎತ್ತಿದ್ದ. ನಟ್ಟನಡುವೆ ಅಪ್ಪ, ಕೈಯಲ್ಲಿ ರಸಮಟ್ಟ ಹಿಡಿದು, ಬಸ್ಸಿಗೆ ಕಾಯುವವರ ಹಾಗೆ ನಿಂತಿದ್ದರು.

"ನಿಲ್ಸಿ! ರೀ, ನಿಲ್ಸಿ!"

ಸುತ್ತಿಗೆ ಮೇಲೆಯೇ ನಿಂತಿತು.

"ಏನೇ, ಪೈಪ್ ಒಡೀತಾ?" ಎಂದರು ಅಪ್ಪ.

"ಅಪ್ಪ, ಈಚೆ ಬಾ. ಬೇಗ ಬಾ. ಕಂಬಿ ಕೆಳಗಿದೆ. ಮೇಲೆ ಒಂದೂ ಇಲ್ಲ."

ಇಕ್ಕಳ ಅವಳ ಕೈಯಿಂದ ಬಿಲ್ಲೆಯನ್ನು ಕಸಿದು ನೋಡಿದ. "ತಂಗಿ... ನಾನಲ್ಲ ತಂಗಿ. ಬಾಲ್ಕನಿಗೆ ಕಂಬಿ ಕಟ್ಟೋ ದಿನ ನಾನು ಜ್ವರ ಬಂದು ಮಲಗಿದ್ದೆ. ಅವತ್ತು ಕಟ್ಟಿದ್ದು..." ಎಂದವನು ಮುಂದಿನ ಪದವನ್ನು ನುಂಗಿಕೊಂಡ. ಹೇಳದ ಆ ಪದ ಮಗಳಿಗೂ ಅಳಿಯನಿಗೂ ಕೇಳಿಸಿತು.

"ಏನು ಗುಸುಗುಸು ಅದು?" ಎಂದರು ಮೇಸ್ತ್ರಿಯವರು. "ಹೊಡಿ ಅಳಿಯ, ನಿಂತ್ಯಾಕೆ?"

"ಮಾವ, ಸ್ವಲ್ಪ ಈಚೆ ಬನ್ನಿ, ಆಮೇಲೆ ಹೊಡೀತೀನಿ."

"ಕೊನೇ ಕಂಬ ಬೀಳೋ ತನಕ ನಾನು ಈಚೆ ಬಂದಿದ್ದು ಎಲ್ಲಾದ್ರೂ ನೋಡಿದೀಯಾ? ಹೆಂಡತಿ ಗದರಿಸಿದ್ಲು ಅಂತ ಕೈ ನಡುಗ್ತಿದ್ಯಾ?"

ಮೇಲೆ ಎಲ್ಲೋ ಚಿಟ್ ಎಂದಿತು. ತುಂಬ ಸಣ್ಣ ಸದ್ದು. ಬಳಿಕ ಮೇಸ್ತ್ರಿಯವರ ಹೆಗಲ ಮೇಲೆ ಒಂದು ಚಿಟಿಕೆಯಷ್ಟು ಸಿಮೆಂಟಿನ ಪುಡಿ ಉದುರಿತು. ಅಳಿಯ ಸುತ್ತಿಗೆ ಬಿಸುಟು ನಾಲ್ಕನೆಯ ಕಂಬಕ್ಕೆ ಭುಜ ಕೊಟ್ಟ. "ಮಾವ, ನಿಮ್ಮ ಕಾಲು ಹಿಡ್ಕೋತೀನಿ, ಬನ್ನಿ!" ಎಂದು ಕಿರುಚಿದ. ಅವರು ಅವನನ್ನು ನೋಡಿ ನಸುನಕ್ಕರೇ ಹೊರತು ಕದಲಲಿಲ್ಲ. ನಲವತ್ತು ವರ್ಷದ ನೇಮ ಅವರ ಕಾಲುಗಳನ್ನು ಹೂತಿಟ್ಟಿತ್ತು.

ಮಗಳು ಮಾತಾಡುವುದನ್ನು ಬಿಟ್ಟಳು. ಬಾಲ್ಕನಿಯ ನೆರಳು ಮುಗಿಯುವಲ್ಲಿ ನಿಂತು, ಅಂಗೈಯನ್ನು ಮೇಲ್ಮುಖವಾಗಿ ಚಾಚಿದಳು. ಕಣ್ಣನ್ನು ಎದುರಿನ ಗೋಡೆಯತ್ತ ತಿರುಗಿಸಿದಳು, ಕೆಲಸದ ನಡುವೆ ಇರುವವಳ ಹಾಗೆ.

ಮೇಸ್ತ್ರಿಯವರು ಆ ಅಂಗೈಯನ್ನು ನೋಡಿದರು. ಗೋಡೆಯನ್ನು ನೋಡಿದರು. ತಮ್ಮ ಕೈಯಲ್ಲಿದ್ದ ರಸಮಟ್ಟವನ್ನು ನೋಡಿದರು. ನೇಮಕ್ಕಿಂತಲೂ ಹಳೆಯದಾದ ಅಭ್ಯಾಸವೊಂದು ಅವರೊಳಗೆ ಎದ್ದಿತು. ಒಂದು, ಎರಡು, ಮೂರು ಹೆಜ್ಜೆ ನಡೆದು ಬಂದು ರಸಮಟ್ಟವನ್ನು ಅವಳ ಅಂಗೈಯಲ್ಲಿಟ್ಟರು.

ಅವಳು ರಸಮಟ್ಟದ ಜೊತೆಗೆ ಮಣಿಕಟ್ಟನ್ನೂ ಹಿಡಿದು ಎಳೆದಳು. ಇಬ್ಬರೂ ಮರಳಿನ ರಾಶಿಯ ಮೇಲೆ ಉರುಳಿದರು. ಅಳಿಯನೂ ಇಕ್ಕಳನೂ ಏದುಸಿರು ಬಿಡುತ್ತ ಬಿದ್ದ ಕಂಬಗಳನ್ನು ಮತ್ತೆ ನಿಲ್ಲಿಸಿ, ಒಂದೊಂದರ ಬುಡಕ್ಕೂ ಬೆಣೆ ಜಡಿದರು. ಬಾಲ್ಕನಿ ಬೀಳಲಿಲ್ಲ.

ಮೇಸ್ತ್ರಿಯವರು ಎದ್ದು ಮರಳು ಕೊಡವಿಕೊಂಡರು. ಬಿಲ್ಲೆಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. ಅವರ ಹುಬ್ಬು ಗಂಟಿಕ್ಕಿತು.

"ಇದು ಆ ಬಾಲ್ಕನಿದಾ? ಕಂಬಿ ಕೆಳಗೆ ಹಾಕಿದಾರಲ್ಲ! ಯಾವ ಮುಠ್ಠಾಳ ಕಟ್ಟಿದ್ದು ಇದನ್ನ?"

ಅವರು ನಟಿಸುತ್ತಿರಲಿಲ್ಲ. ಮಗಳು ಆಗಲೇ ಕೂಗಿ ಹೇಳಿದ್ದು ಅವರ ಮನಸ್ಸಿನಲ್ಲಿ ಉಳಿದಿರಲಿಲ್ಲ. ಕೋಪ ಅಪ್ಪಟವಾಗಿತ್ತು. ಬಾಲ್ಕನಿಯ ಚಿಟ್ ಸದ್ದಿಗೂ ಮಗಳು ಇಷ್ಟು ಬೆಚ್ಚಿರಲಿಲ್ಲ.

ಇಕ್ಕಳ ತಲೆತಗ್ಗಿಸಿ ಮುಂದೆ ಬಂದ. "ನಾನೇ, ಮೇಸ್ತ್ರಿ. ತಪ್ಪಾಯ್ತು."

"ನೀನಾ? ಇಪ್ಪತ್ತು ವರ್ಷ ನನ್ನ ಕೈಕೆಳಗಿದ್ದು..."

"ಅಪ್ಪ" ಎಂದಳು ಮಗಳು. ಅವಳ ಕೈಯಲ್ಲಿ ರಸಮಟ್ಟ ಇನ್ನೂ ಇತ್ತು. ಅದನ್ನು ಮೇಲೆತ್ತಿ ತೋರಿಸಿದಳು. "ಇದೇನು, ಹೇಳು."

"ಏನು ತಮಾಷೆ ಇದು?"

"ಹೆಸರು ಹೇಳಪ್ಪ."

ಅವರ ತುಟಿ ತೆರೆಯಿತು. ರಸಮಟ್ಟದ ಗಾಜಿನೊಳಗೆ ಗಾಳಿಗುಳ್ಳೆ ಆಚೀಚೆ ಓಡಾಡಿತು. ಅವರ ಕಣ್ಣೂ ಹಾಗೆಯೇ ಓಡಾಡಿತು. "ಅದು... ಅದೇ ಕಣೇ. ಗುಳ್ಳೆ ನಡುವೆ ಬಂದು ಕೂರುತ್ತಲ್ಲ, ಅದು."

ಅವಳು ಕರಣೆಯನ್ನೆತ್ತಿ ತೋರಿಸಿದಳು. "ಗಾರೆ ಬಳಿಯೋದು." ತೂಗುಗುಂಡು. "ದಾರದ್ದು." ಗಂಡನ ಚೀಲದಿಂದ ಮರ ಹೆರೆಯುವ ಕೀಸುಳಿ. ಅವರು ಅದನ್ನು ಸುಮ್ಮನೆ ನೋಡಿದರು.

ಒಬ್ಬರ ಮುಖವನ್ನೊಬ್ಬರು ನೋಡಲು ಆ ಮೂವರಿಗೂ ಧೈರ್ಯವಾಗಲಿಲ್ಲ. ಎಷ್ಟು ತಿಂಗಳಿಂದ? ಯಾರಿಗೆ ಗೊತ್ತು? ಚಾಚಿದ ಕೈಗೆ ಕೇಳದೆ ಕೊಡುವುದೇ ವಿದ್ಯೆಯೆಂದು ತಿಳಿದವರು, ಕೇಳಲು ಬೇಕಾದ ಪದ ಆ ಬಾಯಿಯಿಂದ ಒಂದೊಂದಾಗಿ ಉದುರಿಹೋದದ್ದನ್ನು ಕಾಣದೇ ಹೋದರು. ಪೈಪಿನ ತುಂಡು ಮರೆತದ್ದಕ್ಕೆ ಬೆಳಿಗ್ಗೆ ತಾನೇ ಅವರೆಲ್ಲ ನಕ್ಕಿದ್ದರು.

ಮಗಳು ಅಪ್ಪನ ಎರಡೂ ಕೈಗಳನ್ನು ಹಿಡಿದುಕೊಂಡಳು. ಅಳಿಯ ಬೇಡವೆನ್ನುವಂತೆ ತಲೆಯಾಡಿಸಿದ. ಆದರೆ ಈ ಸುಳ್ಳು ಇವತ್ತು ನಿಂತರೆ, ನಾಳೆ ಇನ್ನೊಂದು ಮನೆಯ ಬಾಲ್ಕನಿಯ ಕೆಳಗೆ ಅಪ್ಪ ನಿಂತಿರುತ್ತಾರೆ.

"ಇಕ್ಕಳಣ್ಣ ಅಲ್ಲಪ್ಪ. ಅವನಿಗೆ ಅವತ್ತು ಜ್ವರ. ಇದನ್ನ ಕಟ್ಟಿದ್ದು ನೀನು."

ಅವರು ಇಕ್ಕಳನನ್ನು ನೋಡಿದರು. ಅವನು ಅಳುತ್ತಿದ್ದ. ಬಾಲ್ಕನಿಯನ್ನು ನೋಡಿದರು. ಬಿಲ್ಲೆಯಲ್ಲಿ ಹೊಳೆಯುತ್ತಿದ್ದ ಕಂಬಿಯ ಮೇಲೆ ಹೆಬ್ಬೆರಳು ಆಡಿಸಿದರು. ಅವರು ಸಿಟ್ಟಾಗುತ್ತಾರೆ, ಇಲ್ಲವೆನ್ನುತ್ತಾರೆ ಎಂದು ಎಲ್ಲರೂ ಕಾದರು. ಅವರು ಕೇಳಿದ್ದು ಬೇರೆ.

"ಇನ್ನೆಲ್ಲಿ ಕಟ್ಟಿದೀನಿ? ಹೇಳ್ರೋ. ನನಗೆ ನೆನಪಾಗ್ತಿಲ್ಲ. ಬೇರೆ ಯಾರ ಮನೇಲಿ ಕಟ್ಟಿದೀನಿ?"

"ಇದೊಂದೇ ಮೇಸ್ತ್ರಿ" ಎಂದ ಇಕ್ಕಳ, ಮೂಗೊರೆಸಿಕೊಳ್ಳುತ್ತ. "ನಾನು ಮಲಗಿದ್ದು ಮೂರೇ ದಿನ. ಮಿಕ್ಕಿದ್ದೆಲ್ಲ ನನ್ನ ಕೈಯಿಂದಲೇ ಆಗಿರೋದು. ದೇವರಾಣೆ."

"ಒಂದೇ ತಾನೆ?"

"ಒಂದೇ."

ಮೇಸ್ತ್ರಿಯವರು ದೀರ್ಘವಾಗಿ ಉಸಿರುಬಿಟ್ಟರು. "ಹಾಗಾದ್ರೆ ಒಡೀಬೇಕು. ಮೇಲಿಂದ. ಕಂಬಗಳು ಹಾಗೇ ಇರಲಿ. ಗೋಡೆ ದಾಟಿ ಒಳಗಿನ ಸ್ಲ್ಯಾಬಿನಿಂದ ಕಂಬಿ ಹೊಸದಾಗಿ ತರಬೇಕು, ಮೇಲ್ಗಡೆ." ಅದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅವರು ಎಂದಿನಂತೆ ಎದುರಿಗಿದ್ದ ಮಗಳತ್ತ ನೋಡದೆ, ಬಾಲ್ಕನಿಯತ್ತ ಕಣ್ಣಿಟ್ಟು, ಬಲಗೈಯನ್ನು ಚಾಚಿದರು.

ಅವರಿಗೆ ಏನು ಬೇಕೆಂದು ಅವಳಿಗೆ ತಿಳಿದಿತ್ತು. ಗಂಡ ಬಿಸುಟಿದ್ದ ಸುತ್ತಿಗೆ ಅವಳ ಕಾಲಬಳಿಯೇ ಬಿದ್ದಿತ್ತು. ಇಕ್ಕಳ ಅಭ್ಯಾಸಬಲದಿಂದ ಅದಕ್ಕೆ ಬಾಗಿದ. ಅವಳು ಅವನ ತೋಳು ಹಿಡಿದು ತಡೆದಳು. ಸುತ್ತಿಗೆಯನ್ನು ತಾನೇ ಎತ್ತಿಕೊಂಡು, ಕೊಡದೆ, ಎದೆಯ ಮುಂದೆ ಹಿಡಿದು ನಿಂತಳು.

"ಏನು ಬೇಕಪ್ಪ?" ಎಂದಳು. "ಹೆಸರು ಹೇಳು, ಕೊಡ್ತೀನಿ."

ಅವರು ತಿರುಗಿ ನೋಡಿದರು. ಆ ಕೈ ಹಾಗೆಯೇ ಗಾಳಿಯಲ್ಲಿ ಚಾಚಿಕೊಂಡಿತ್ತು, ಭುಜದ ಮೇಲ್ಭಾಗದ ನರ ಸಣ್ಣಗೆ ಅದುರುತ್ತಿತ್ತು.