ಪ್ರತಿಕಾಯದ ಟಗರು

ದೊಡ್ಡೇರಿ ಕಡೆಯ ಕೆಂಚಮ್ಮ ಮದುವೆಗೆ ಕರೆದಷ್ಟು ಸಲೀಸಾಗಿ ಫೋನಿನಲ್ಲಿ ಕರೆದಳು. "ನಿಮ್ ಟಗರನ್ನೇ ಗುಡಿ ಅಮ್ಮನಿಗೆ ಬಲಿ ಕೊಡ್ತಾ ಇದೀವಿ ಕಣಮ್ಮ. ನೀನೂ ಬಂದ್ಬುಡು."

ಯಶಸ್ವಿನಿಯ ಜೀವ ಬಾಯಿಗೆ ಬಂತು. ಮಧುಗಿರಿಯ ಪ್ರಯೋಗಾಲಯದಿಂದ ಸ್ಕೂಟರ್ ಹತ್ತಿ ಹೊರಟೇಬಿಟ್ಟಳು. ಜೀನ್‌ಗಳನ್ನು ಹತೋಟಿಯಲ್ಲಿಡುವ ಒಂದು ಪ್ರೋಟೀನು ಹದ ತಪ್ಪಿದರೆ ರಕ್ತದ ಕ್ಯಾನ್ಸರಿಗೆ ದಾರಿ. ಆ ಪ್ರೋಟೀನನ್ನೇ ಹುಡುಕಿ ಅಂಟಿಕೊಳ್ಳುವ ಪ್ರತಿಕಾಯ, ಅಂದರೆ ಆಂಟಿಬಾಡಿ, ರಕ್ತದಲ್ಲಿ ಹುಟ್ಟಲೆಂದು ಅವಳು ಕೆಂಚಮ್ಮನ ಎಷ್ಟೋ ಕುರಿಗಳಿಗೆ ಅದರ ಸೂಜಿ ಚುಚ್ಚಿದ್ದಳು. ಮಿಕ್ಕವುಗಳ ರಕ್ತ ಸಿಕ್ಕಿದ್ದಕ್ಕೆಲ್ಲ ಅಂಟಿಕೊಂಡು ಅವಳ ಮಾನ ಕಳೆದಿತ್ತು. ಈ ಟಗರಿನದು ಮಾತ್ರ ಗುರಿ ತಪ್ಪಲಿಲ್ಲ. ಮೊಟ್ಟೆಯ ಹೆಸರೂ ಎತ್ತದ ಮನೆಯ ಹುಡುಗಿ ಅವತ್ತು ಟಗರಿನ ಕತ್ತು ತಬ್ಬಿ ಮುತ್ತಿಟ್ಟಿದ್ದಳು. ಅದರ ರಕ್ತದಿಂದ ತೆಗೆದಿಟ್ಟ ಸೀರಮ್ಮು ಈಗ ತಳ ಕಂಡಿತ್ತು. ಟಗರು ಹೋದರೆ ಇಷ್ಟು ವರ್ಷದ ಕೆಲಸವೂ ಹೋದಂತೆ.

ಹೊಲದಂಚಿನ ಗುಡಿಯ ಮುಂದೆ ಟಗರಿಗೆ ಅರಿಶಿನ ಬಳಿದು, ಕೊರಳಿಗೆ ಬೇವಿನ ಸೊಪ್ಪು ಕಟ್ಟಿದ್ದರು. ಕೆಂಚಮ್ಮನ ಗಂಡ ದೊಡ್ಡರಂಗಪ್ಪ ಮಚ್ಚು ಹಿಡಿದು ನಿಂತಿದ್ದ.

"ಅಜ್ಜಿ, ಬೇರೆ ಕುರಿ ಕೊಡಿ. ಎಷ್ಟೊಂದಿವೆ!" ಎಂದಳು ಯಶಸ್ವಿನಿ, ಸ್ಕೂಟರಿನಿಂದ ಇಳಿಯುತ್ತಲೇ.

"ನಮ್ ಮೊಮ್ಮಗ ಚೇತನಂಗೆ ಅದೇ ರಕ್ತದ ಕಾಯಿಲೆ ಕಣಮ್ಮ. ಆಸ್ಪತ್ರೇಲಿ ಸುಣ್ಣದಂಗೆ ಬಿಳಿಚ್ಕೊಂಡವ್ನೆ. ನೀವು ಓದಿದೋರೇ ಇದನ್ನ ಹುಡುಕ್ಕೊಂಡು ಬತ್ತೀರಿ. ಇಂಥದನ್ನ ಬುಟ್ಟು ಅಮ್ಮನಿಗೆ ಕುಂಟು ಕುರಿ ಕೊಡ್ಲಾ?"

"ಇದರ ರಕ್ತ ಆ ಕಾಯಿಲೇನ ಪತ್ತೆ ಮಾಡುತ್ತೆ, ಅಜ್ಜಿ!"

ಕೆಂಚಮ್ಮ ಅವಳ ಕೈ ಹಿಡಿದುಕೊಂಡಳು. "ವಾಸಿ ಮಾಡ್ತದಾ?"

ಸುಳ್ಳು ಯಶಸ್ವಿನಿಯ ನಾಲಿಗೆಯ ತುದಿಗೆ ಬಂದಿತ್ತು. "ಇಲ್ಲ" ಎಂದಳು. "ಮೊದಲು ಒಂದು ಬಾಟಲಿ ರಕ್ತನಾದ್ರೂ ತೆಗೆದ್ಕೊಳ್ತೀನಿ."

"ಅಮ್ಮನಿಗೆ ಎಂಜಲು ಕೊಡ್ಲಾ?"

ದೊಡ್ಡರಂಗಪ್ಪ ಟಗರಿನ ಬೆನ್ನಿಗೆ ನೀರು ಹಾಕಿದ. ಅದು ಮೈ ಒದರಿದರೆ ದೇವಿ ಒಪ್ಪಿದಳೆಂದು ಅರ್ಥ, ಒದರದಿದ್ದರೆ ಕಡಿಯುವಂತಿಲ್ಲ. ಟಗರು ಮಿಸುಕಲಿಲ್ಲ. ಒದರಬೇಡ, ಒದರಬೇಡ ಎಂದು ಯಶಸ್ವಿನಿ ಒಳಗೊಳಗೇ ಆ ದೇವಿಗೇ ಮೊರೆಯಿಟ್ಟಳು. ಚೊಂಬಿನ ಮೇಲೆ ಚೊಂಬು ಸುರಿದರು. ಊಹೂಂ.

ಕೆಂಚಮ್ಮ ಕುಸಿದು ಕೂತಳು. "ಒಲ್ಲೆ ಅಂದ್ಬುಟ್ಳು. ನನ್ ಮಗೀನ ಉಳಿಸಾಕಿಲ್ಲ ಅಂದ್ಬುಟ್ಳು" ಎಂದು ಎದೆ ಬಡಿದುಕೊಂಡಳು. ದೊಡ್ಡರಂಗಪ್ಪ ಮಚ್ಚನ್ನು ನೆಲಕ್ಕಿಟ್ಟು ಮುಖ ತಿರುಗಿಸಿಕೊಂಡ.

ಟಗರು ಉಳಿದಿತ್ತು. ಯಶಸ್ವಿನಿ ಹಗ್ಗ ಹಿಡಿದು ಹೊರಟರೆ ತಡೆಯುವವರಿರಲಿಲ್ಲ. ಆದರೆ ಆ ಅಳು ಕೇಳಲಾಗಲಿಲ್ಲ. ನಾಳೆ ಹುಡುಗನಿಗೆ ಏನಾದರೂ ಆದರೆ, ದೇವಿಯೇ ಕೈಬಿಟ್ಟಳೆಂದು ಈ ಮುದುಕಿ ಇರುವಷ್ಟು ದಿನ ಬೇಯಬೇಕು.

ಕಿವಿಯೊಳಕ್ಕೆ ನೀರು ಬಿಟ್ಟರೆ ಎಂಥ ಕುರಿಯೂ ಒದರುತ್ತದೆ. ಆ ಮೋಸ ಕೆಂಚಮ್ಮನಿಗೂ ಗೊತ್ತಿರಲೇಬೇಕು. ಅಮ್ಮನಿಗೆ ಮೋಸ ಮಾಡುವ ಹೆಂಗಸಲ್ಲ ಅವಳು. ಕೆಂಚಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಾಗ ಯಶಸ್ವಿನಿ ಚೊಂಬು ಎತ್ತಿ ಟಗರಿನ ಕಿವಿಯೊಳಕ್ಕೆ ಬಗ್ಗಿಸಿದಳು.

ಟಗರು ತಲೆಯಿಂದ ಬಾಲದವರೆಗೂ ಮೈ ಒದರಿತು.

"ನೋಡಿ ಅಜ್ಜಿ" ಎಂದಳು ಯಶಸ್ವಿನಿ, ಬಿಕ್ಕುತ್ತಾ. "ಒಪ್ಪಿದಳು."